ಕುದಿಸಿದರೂ ಸಾಯದ ವಿಷ

ಹಂದಿ ಸಾಕುವವರ ಕಿವಿಗೆ ಈಚೆಗೆ ಮತ್ತೆ ಮತ್ತೆ ಬಿದ್ದಿರುವ ಬುದ್ಧಿಮಾತು ಒಂದೇ: ಹೋಟೆಲಿನ ಉಳಿಕೆ ಅನ್ನವನ್ನು ಕುದಿಸದೆ ಹಾಕಬೇಡಿ. ಮಂಗಳೂರಿನ ಶಕ್ತಿನಗರದಿಂದ ಹೆಚ್ಚು ದೂರವಿಲ್ಲದ ನೀರುಮಾರ್ಗದಲ್ಲಿ 2022ರಲ್ಲಿ ಆಫ್ರಿಕನ್ ಹಂದಿ ಜ್ವರ ದೃಢಪಟ್ಟ ಮೇಲಂತೂ ಆ ಮಾತಿಗೆ ತೂಕ ಬಂತು. ಚೆನ್ನಾಗಿ ಕುದಿಸಿದರೆ ಆ ವೈರಸ್ ಉಳಿಯದು. ಆದರೆ ಹೋಟೆಲ್ ಉಳಿಕೆಯ ಗೊಡವೆಯೇ ಬೇಡವೆಂದು ಮೆಕ್ಕೆಜೋಳದ ನುಚ್ಚು, ತೌಡು, ಹಿಂಡಿಗೆ ಹೊರಳಿದವರಿಗೆ ಬೇರೊಂದು ಆಪತ್ತು ಕಾದಿರುತ್ತದೆ. ಅದು ಬೂಷ್ಟಿನ ವಿಷ. ಕುದಿಸಿದರೆ ಬೂಷ್ಟು ಸಾಯುತ್ತದೆ, ಅದು ಕಾಳಿನೊಳಗೆ ಬಿಟ್ಟ ವಿಷ ಮಾತ್ರ ಹಾಗೆಯೇ ಇರುತ್ತದೆ. ಅಫ್ಲಾಟಾಕ್ಸಿನ್ ಎಂಬ ವಿಷ ಒಡೆಯಲು 230 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. ಹಂಡೆಯ ನೀರು 100 ದಾಟುವುದಿಲ್ಲ.

ಶಕ್ತಿನಗರ, ಕುಲಶೇಖರದ ಕ್ರೈಸ್ತ ಮನೆಗಳಲ್ಲಿ ಮದುವೆ, ಹಬ್ಬ ಎಂದರೆ ಹಂದಿಮಾಂಸದ ಬಫಾತ್ ಬೇಕು. ಹಂದಿಗೆ ಬೇಕಾದ ಮೆಕ್ಕೆಜೋಳ ಮಾತ್ರ ಕರಾವಳಿಯ ಬೆಳೆಯಲ್ಲ. ಅದು ದಾವಣಗೆರೆ, ಹಾವೇರಿಯಂಥ ಬಯಲುಸೀಮೆಯ ಜಿಲ್ಲೆಗಳ ಫಸಲು. ಅಲ್ಲಿ ಒಣಗಿದ ಕಾಳು ಘಟ್ಟ ಇಳಿದ ಮೇಲೂ ಒಣಗಿಯೇ ಇರುತ್ತದೆ ಎನ್ನುವಂತಿಲ್ಲ. ಕಾಳು ಸುತ್ತಲಿನ ಗಾಳಿಯ ತೇವವನ್ನು ಹೀರುತ್ತದೆ. ಗಾಳಿಯ ತೇವಾಂಶ ಶೇ 70ರ ಆಸುಪಾಸಿನಲ್ಲಿದ್ದರೆ ಮೆಕ್ಕೆಜೋಳದ ತೇವ ಶೇ 14ರ ಹತ್ತಿರ ನಿಲ್ಲುತ್ತದೆ. ಶೇ 85 ದಾಟುವ ಮಂಗಳೂರಿನ ಮಳೆಗಾಲದ ಆಟಿ ತಿಂಗಳಲ್ಲಿ ಅದು ಶೇ 18ಕ್ಕೆ ಏರಬಲ್ಲದು. ಬೂಷ್ಟಿಗೆ ಅಷ್ಟು ಸಾಕು. ಸಿಮೆಂಟು ನೆಲದ ಮೇಲೇ ಇಟ್ಟ ಗೋಣಿಯ ತಳ ಮೊದಲು ತಣ್ಣಗಾಗುತ್ತದೆ, ನುಚ್ಚು ಹೆಂಟೆಗಟ್ಟುತ್ತದೆ, ಒಡೆದರೆ ಒಳಗೆ ಹಸಿರು-ಹಳದಿ ಪುಡಿ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರದ ಬಣ್ಣವದು. ಫ್ಯುಸೇರಿಯಂ ಎಂಬ ಇನ್ನೊಂದು ಬಗೆ ಗೋದಾಮಿಗೆ ಕಾಯುವುದೇ ಇಲ್ಲ. ಹೊಲದಲ್ಲಿ ತೆನೆ ನಿಂತಿರುವಾಗಲೇ ಒಳಹೊಕ್ಕಿರುತ್ತದೆ. ಅಂಥ ಕಾಳು ನೋಡಲು ಚೊಕ್ಕಟವಾಗಿಯೇ ಇರಬಹುದು.

ಹಂದಿಗೇ ಏಕೆ ಇಷ್ಟು ತೊಂದರೆ? ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಕೆಲವು ವಿಷಗಳನ್ನು ದೇಹಕ್ಕೆ ಸೇರುವ ಮುನ್ನವೇ ಒಡೆದುಹಾಕುತ್ತವೆ. ಹಂದಿಗಿರುವುದು ನಮ್ಮಂತೆ ಒಂದೇ ಹೊಟ್ಟೆ, ಸಾಲದ್ದಕ್ಕೆ ಅದರ ಆಹಾರದಲ್ಲಿ ಕಾಳಿನದೇ ದೊಡ್ಡ ಪಾಲು.

ಒಂದೊಂದು ವಿಷಕ್ಕೂ ಒಂದೊಂದು ಅಂಗದ ಮೇಲೆ ಕಣ್ಣು. ಅಫ್ಲಾಟಾಕ್ಸಿನ್ ಯಕೃತ್ತನ್ನು ಕೆಡಿಸುತ್ತದೆ. ಪ್ರಮಾಣ ಕಡಿಮೆಯಿದ್ದರೆ ಹಂದಿ ಸಾಯುವುದಿಲ್ಲ, ತಿಂದರೂ ಮೈ ಹಿಡಿಯುವುದಿಲ್ಲ; ಲಸಿಕೆಗೆ ದೇಹ ಸರಿಯಾಗಿ ಸ್ಪಂದಿಸದೆ ಸಣ್ಣಪುಟ್ಟ ರೋಗವೂ ಬಿಡದೆ ಕಾಡುತ್ತದೆ. ಓಕ್ರಾಟಾಕ್ಸಿನ್ ಮೂತ್ರಪಿಂಡಕ್ಕೆ ಬೀಳುತ್ತದೆ. ಡೆನ್ಮಾರ್ಕಿನ ಕಸಾಯಿಖಾನೆಗಳಲ್ಲಿ ಊದಿ ಬಿಳಿಚಿದ ಮೂತ್ರಪಿಂಡಗಳನ್ನು ಕಂಡೇ ಇದರ ಜಾಡು ಹಿಡಿದರು. ಜಿಯರಲೆನೋನ್ ಹೆಣ್ಣು ಹಾರ್ಮೋನಿನ ವೇಷ ಹಾಕುತ್ತದೆ. ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣು ಮರಿಯ ಯೋನಿದ್ವಾರ ಕೆಂಪೇರಿ ಊದಿ, ಬೆದೆಗೆ ಬಂದಂತೆ ಕಾಣುತ್ತದೆ. ದೊಡ್ಡ ಹಂದಿಗಳು ಗಬ್ಬ ಕಟ್ಟುವುದಿಲ್ಲ. ಡಿಯಾಕ್ಸಿನಿವಲೆನಾಲ್ ಒಂದು ಕಿಲೋ ಆಹಾರದಲ್ಲಿ ಒಂದೆರಡು ಮಿಲಿಗ್ರಾಂ ಇದ್ದರೂ ಹಂದಿ ತಿನ್ನುವುದನ್ನು ಕಡಿಮೆ ಮಾಡುತ್ತದೆ, ಹೆಚ್ಚಾದರೆ ವಾಂತಿ.

ಎಲ್ಲಕ್ಕಿಂತ ಘೋರ ಫ್ಯುಮೊನಿಸಿನ್. 1988ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೇರ್ಪಡಿಸಿದ ಈ ವಿಷ ಮರುವರ್ಷವೇ ಅಮೆರಿಕದ ಮೆಕ್ಕೆಜೋಳದಲ್ಲಿ ಕಾಣಿಸಿಕೊಂಡು ಹಂದಿಗಳನ್ನು ಕೊಂದಿತು. ಜೀವಕೋಶದ ಪೊರೆಗೆ ಬೇಕಾದ ಕೊಬ್ಬಿನ ತಯಾರಿಯನ್ನು ಇದು ನಡುವೆ ತಡೆಯುತ್ತದೆ. ಅರ್ಧಕ್ಕೆ ನಿಂತ ಸರಕು ರಕ್ತದಲ್ಲಿ ಸೇರಿ ಹೃದಯದ ಬಡಿತದ ಬಲ ಕುಗ್ಗುತ್ತದೆ, ಹಿಂದೆ ಒತ್ತಿದ ರಕ್ತದಿಂದ ನೀರು ಒಸರಿ ಶ್ವಾಸಕೋಶ ತುಂಬುತ್ತದೆ. ಹಂದಿ ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತದೆ. ಸತ್ತ ಮೇಲೆ ಕೊಯ್ದು ನೋಡಿದರೆ ಎದೆಗೂಡಿನ ತುಂಬ ಹಳದಿ ನೀರು, ಶ್ವಾಸನಾಳದಲ್ಲಿ ನೊರೆ.

ಇದು ದೂರದ ಕತೆಯಲ್ಲ. ಆಗಿನ ಮೈಸೂರು ರಾಜ್ಯದಲ್ಲಿ 1966ರಲ್ಲಿ ಅಫ್ಲಾಟಾಕ್ಸಿನ್‌ಗೆ 2,219 ಕೋಳಿಮರಿಗಳು ಸತ್ತದ್ದು ದಾಖಲಾಗಿದೆ. 1995ರಲ್ಲಿ ಕೊಯ್ಲಿನ ಹೊತ್ತಿಗೆ ಸುರಿದ ಮಳೆಯಲ್ಲಿ ನೆನೆದ ಜೋಳ, ಮೆಕ್ಕೆಜೋಳ ಉಂಡ ದಖ್ಖನ್ನಿನ ಹಳ್ಳಿಗರಿಗೆ ಹೊಟ್ಟೆನೋವು, ಭೇದಿ ಹತ್ತಿತು. ಕಾರಣ ಇದೇ ಫ್ಯುಮೊನಿಸಿನ್. ಅವರು ತಿಂದದ್ದು ಹಸಿ ಹಿಟ್ಟನ್ನಲ್ಲ, ಹೆಂಚಿನ ಮೇಲೆ ಬೇಯಿಸಿದ ರೊಟ್ಟಿಯನ್ನು.

ಹಾಗಾಗಿ ಎಚ್ಚರವೆಲ್ಲ ಒಲೆ ಹೊತ್ತಿಸುವ ಮೊದಲೇ ಇರಬೇಕು. ಕಾಳಿನ ತೇವ ಶೇ 13 ದಾಟಬಾರದು. ಗೋಣಿಯನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಬಿಡಿಸಿ ಇಡಬೇಕು. ಮಳೆಗಾಲಕ್ಕೆಂದು ತಿಂಗಳುಗಟ್ಟಲೆಯ ದಾಸ್ತಾನು ಬೇಡ. ವಿಷ ಹೆಚ್ಚಾಗಿ ಒಡಕು ಕಾಳು, ಪುಡಿಯಲ್ಲಿರುವುದರಿಂದ ಜರಡಿ ಹಿಡಿದರೆ ಅರ್ಧ ಗೆದ್ದಂತೆ. ಪರೀಕ್ಷೆಗೆ ಕಳಿಸುವವರು ಮೇಲಿನ ಒಂದು ಹಿಡಿ ಕಳಿಸಿದರೆ ಪ್ರಯೋಜನವಿಲ್ಲ. ವಿಷ ತುಂಬಿದ ಕಾಳುಗಳು ಸಾವಿರಕ್ಕೆ ಬೆರಳೆಣಿಕೆಯಷ್ಟೇ ಇರುತ್ತವೆ. ಹಲವು ಗೋಣಿಗಳ ಮೇಲೆ, ನಡು, ತಳದಿಂದ ತೆಗೆದು ಬೆರೆಸಿದ ಮಾದರಿಯೇ ಬೇಕು. ಫೀಡಿಗೆ ಬೆರೆಸುವ ಬೆಂಟೊನೈಟ್ ಜೇಡಿ ಅಫ್ಲಾಟಾಕ್ಸಿನನ್ನು ಹಿಡಿದುಕೊಳ್ಳುತ್ತದೆ ನಿಜ. ಡಿಯಾಕ್ಸಿನಿವಲೆನಾಲ್ ಅದಕ್ಕೆ ಸಿಗುವುದಿಲ್ಲ.

ಕೊನೆಗೆ, ಹಂದಿ ಮೂಸಿ ಬಿಟ್ಟ ಮೆಕ್ಕೆಜೋಳವನ್ನು ಹಟ್ಟಿಯ ಹಸುವಿಗೆ ಹಾಕುವ ಉಳಿತಾಯಬುದ್ಧಿ. ಹಸು ಕೆಲವು ವಿಷಗಳನ್ನು ತಾಳಿಕೊಂಡೀತು, ಆದರೆ ಅಫ್ಲಾಟಾಕ್ಸಿನ್‌ನ ಒಂದಂಶ ಎಂ1 ಎಂಬ ರೂಪದಲ್ಲಿ ಅದರ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗದು. ಬೂಷ್ಟು ಹಿಡಿದ ಗೋಣಿಯ ಜಾಗ ಗೊಬ್ಬರದ ಗುಂಡಿ.