ಗವಿಗೆ ಸೂರ್ಯ ಎರಡು ಸಲ ಬರುತ್ತಾನೆ

ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿಪುರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಳ್ಳುಬೆಲ್ಲ ಬೀರಿ ಬಂದ ಹೆಂಗಸರು, ಮಕ್ಕಳನ್ನು ಹೆಗಲೇರಿಸಿಕೊಂಡ ಗಂಡಸರು, ಟೀವಿ ಚಾನೆಲ್‌ಗಳ ಕ್ಯಾಮೆರಾದವರು, ಎಲ್ಲರ ಗಮನವೂ ಗವಿ ಗಂಗಾಧರೇಶ್ವರನ ಗುಡಿಯ ಕಡೆಗೆ. ಐದು ಗಂಟೆ ದಾಟಿದ ಮೇಲೆ ಪಶ್ಚಿಮದ ಕಿಂಡಿಯಿಂದ ಒಳಬರುವ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಮೊದಲು ಪೀಠವನ್ನು ಮುಟ್ಟುತ್ತದೆ. ಹೊರಗೆ ಸೂರ್ಯ ಇಳಿದಂತೆಲ್ಲ ಒಳಗೆ ಬೆಳಕು ಮೇಲೇರುತ್ತಾ ಲಿಂಗವನ್ನು ಆವರಿಸುತ್ತದೆ. ಹಾಲಿನ ಅಭಿಷೇಕ, ಗಂಟೆಯ ಸದ್ದು, ಮಂಗಳಾರತಿ. ಸ್ವಲ್ಪ ಹೊತ್ತಷ್ಟೇ, ಗವಿಗೆ ಮತ್ತೆ ಕತ್ತಲು. ಮೋಡ ಕವಿದ ವರ್ಷ ಆ ಭಾಗ್ಯವೂ ಇಲ್ಲ.

ಇದೇ ಬಿಸಿಲು ಇದೇ ಕಿಂಡಿಯಿಂದ ನವೆಂಬರ್ ಕೊನೆಯಲ್ಲೂ ಬಂದು ಲಿಂಗವನ್ನು ಮುಟ್ಟಿ ಹೋಗುತ್ತದೆ ಎಂಬುದು ಆ ಜನಸಾಗರದಲ್ಲಿ ಎಷ್ಟು ಮಂದಿಗೆ ಗೊತ್ತು?

ಇದನ್ನು ಲೆಕ್ಕ ಹಾಕಿ ತೋರಿಸಿದವರು ಜಯಂತ್ ವ್ಯಾಸನಕೆರೆ, ಕೆ. ಸುಧೀಶ್ ಮತ್ತು ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ. 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ಜನವರಿ 13ರಿಂದ 16ರವರೆಗೆ ಒಮ್ಮೆ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ ಇನ್ನೊಮ್ಮೆ ಸಂಜೆ ಬಿಸಿಲು ಲಿಂಗದ ಮೇಲೆ ಬೀಳುತ್ತದೆ. ಕಾರಣ ಸರಳ. ದಕ್ಷಿಣಕ್ಕೆ ಸರಿಯುತ್ತಾ ಹೋಗುವ ಸೂರ್ಯ ಡಿಸೆಂಬರ್ 21ರ ಸುಮಾರಿಗೆ ಕಟ್ಟಕಡೆಯ ಗಡಿ ಮುಟ್ಟಿ ಹಿಂದಿರುಗುತ್ತಾನೆ. ಹೋಗುವಾಗ ನವೆಂಬರ್ ಕೊನೆಯಲ್ಲಿ ಯಾವ ದಿಕ್ಕಿನಲ್ಲಿ ಮುಳುಗಿದನೋ, ಬರುವಾಗ ಜನವರಿ ನಡುವೆ ಅದೇ ದಿಕ್ಕಿನಲ್ಲಿ ಮುಳುಗುತ್ತಾನೆ. ಹಬ್ಬವಿರುವುದು ಒಂದು ಸಲಕ್ಕೆ ಮಾತ್ರ, ಆದ್ದರಿಂದ ಜನ ಸೇರುವುದೂ ಒಂದೇ ಸಲ.

ಅಧ್ಯಯನದ ಇನ್ನೊಂದು ಭಾಗ ಪತ್ತೇದಾರಿ ಕಥೆಯಷ್ಟೇ ರೋಚಕ. 1792ರಲ್ಲಿ ಇಂಗ್ಲಿಷ್ ಚಿತ್ರಕಾರ ಥಾಮಸ್ ಡೇನಿಯಲ್ ಮತ್ತು ಅವರ ಸೋದರನ ಮಗ ವಿಲಿಯಂ ಬೆಂಗಳೂರಿಗೆ ಬಂದು ಈ ಗುಡಿಯ ಚಿತ್ರ ಬರೆದಿದ್ದರು. ಆ ಚಿತ್ರಗಳನ್ನು ಈಗಿನ ಕಟ್ಟಡದ ಪಕ್ಕ ಇಟ್ಟು ನೋಡಿದರೆ ಅಂದು ಇಲ್ಲದ ಗೋಡೆಗಳು ಇಂದು ಕಾಣುತ್ತವೆ. ಅವು ಏಳುವ ಮೊದಲು ಬಿಸಿಲು ಉತ್ತರಾಯಣ, ದಕ್ಷಿಣಾಯನಗಳು ತಿರುಗುವ ಹೊತ್ತಿಗೆ ಒಳಗೆ ಬೀಳುತ್ತಿತ್ತು ಎಂಬುದು ಸಂಶೋಧಕರ ತೀರ್ಮಾನ. ನಾವು ಅನಾದಿಯೆಂದು ಕೈಮುಗಿಯುವ ಸಂಕ್ರಾಂತಿಯ ಬೆಳಕಿಗೆ ಈಗಿನ ದಾರಿ ಮಾಡಿಕೊಟ್ಟದ್ದು ಆಮೇಲೆ ಕಟ್ಟಿದ ಗೋಡೆ. ಇದರಿಂದ ಗುಡಿಯ ಮಹಿಮೆಗೆ ಕುಂದೇನೂ ಇಲ್ಲ. ಕಟ್ಟಿದವರೂ, ತಿದ್ದಿ ಕಟ್ಟಿದವರೂ ಆಕಾಶ ನೋಡುತ್ತಿದ್ದರು ಅನ್ನಿಸಿದರೆ ಗೌರವ ಇಮ್ಮಡಿಸುತ್ತದೆ.

ಸಂಕ್ರಾಂತಿ ಕೂಡ ನಿಂತಲ್ಲಿ ನಿಲ್ಲುವ ದಿನವಲ್ಲ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯಂದು. ತಾರೀಖು 1863ರ ಜನವರಿ 12. ಈಗ ಹಬ್ಬ 14ಕ್ಕೋ 15ಕ್ಕೋ ಬರುತ್ತದೆ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಬ್ಬ ಮುಂದೆ ಸರಿಯುತ್ತದೆ, ಕಿಂಡಿ ಮಾತ್ರ ಇದ್ದಲ್ಲೇ ಇರುತ್ತದೆ. ಬಿಸಿಲು ಬೀಳುವ ದಿನಕ್ಕೂ ಹಬ್ಬಕ್ಕೂ ಇರುವ ನಂಟು ಮುಂದಿನ ತಲೆಮಾರುಗಳಲ್ಲಿ ತಾನಾಗಿಯೇ ಸಡಿಲವಾಗಲಿದೆ.

ಗುಡಿಯ ಹಿನ್ನೆಲೆ ಕೇಳಿದರೆ ಊರಿನ ಹಿರಿಯರು ಗೌತಮ ಋಷಿಗಳಿಂದ ಶುರು ಮಾಡುತ್ತಾರೆ. ಅವರು ಇಲ್ಲಿ ತಪಸ್ಸು ಮಾಡಿದರೆಂದು ನಂಬಿಕೆ. 16ನೇ ಶತಮಾನದಲ್ಲಿ ಕೆಂಪೇಗೌಡರು ಆನೆಗೊಂದಿಯ ಸೆರೆಯಿಂದ ಬಿಡುಗಡೆಯಾಗಿ ಬಂದು ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದರೆಂಬ ಮಾತೂ ಇದೆ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಎಂಬ ಎರಡು ದೊಡ್ಡ ಕಲ್ಲಿನ ಬಿಲ್ಲೆಗಳು ಕಂಬದ ಮೇಲೆ ನಿಂತಿವೆ. ಜೊತೆಗೆ ತ್ರಿಶೂಲ ಮತ್ತು ಡಮರುಗ. ಒಳಗೆ ಚಾವಣಿ ತಗ್ಗು. ಪ್ರದಕ್ಷಿಣೆ ಹಾಕುವವರು ಬೆನ್ನು ಬಗ್ಗಿಸಲೇಬೇಕು. ಎರಡು ತಲೆ, ಏಳು ಕೈ, ಮೂರು ಕಾಲಿನ ಅಗ್ನಿಮೂರ್ತಿ ಇಲ್ಲಿದೆ. ಇಂಥದ್ದು ಬಲು ಅಪರೂಪ. 

ಬೆಳಿಗ್ಗೆ ನಂದಿಬೆಟ್ಟ, ಸಂಜೆ ಗವಿಪುರ ಎಂದು ಒಂದೇ ದಿನ ಎರಡನ್ನೂ ನೋಡುವುದು ಚೆಂದ. ಬೆಟ್ಟ ಬೆಂಗಳೂರಿನಿಂದ 60 ಕಿ.ಮೀ., ಎತ್ತರ 1478 ಮೀಟರ್. ಚುಮುಚುಮು ಚಳಿಯಲ್ಲಿ ಸೂರ್ಯೋದಯ, ಟಿಪ್ಪು ಡ್ರಾಪ್, ಅಮೃತ ಸರೋವರ, ಯೋಗನಂದೀಶ್ವರ ಎಲ್ಲರಿಗೂ ಪರಿಚಿತ. ಆದರೆ ಬೆಟ್ಟ ಹತ್ತಿದವರಲ್ಲಿ ಬಹಳ ಮಂದಿ ಬುಡದ ನಂದಿ ಗ್ರಾಮದ ಭೋಗನಂದೀಶ್ವರನನ್ನು ನೋಡದೆ ವಾಪಸಾಗುವುದು ಬೇಸರದ ಸಂಗತಿ. 806ರಷ್ಟು ಹಿಂದೆಯೇ ಶಾಸನದಲ್ಲಿ ಉಲ್ಲೇಖವಾದ ಗುಡಿ ಅದು. ಅಕ್ಕಪಕ್ಕ ನಿಂತ ಅರುಣಾಚಲೇಶ್ವರ, ಭೋಗನಂದೀಶ್ವರ ಗುಡಿಗಳ ನಡುವೆ ಉಮಾಮಹೇಶ್ವರನ ಸಣ್ಣ ಗುಡಿ, ಅದರ ಮುಂದಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳ ಮೇಲೆ ಗಿಳಿ, ಬಳ್ಳಿಗಳ ನವಿರು ಕೆತ್ತನೆ. ಪಕ್ಕದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಶೃಂಗಿ ತೀರ್ಥ. ಮೇಲಿನ ಜನಜಂಗುಳಿ ಇಲ್ಲಿಲ್ಲ.

ಎರಡೂ ಜಾಗಗಳಿಗೆ ಇತಿಹಾಸದ ಒಂದು ಕೊಂಡಿಯೂ ಉಂಟು. ಟಿಪ್ಪುವಿನ ವಶದಲ್ಲಿದ್ದ ನಂದಿದುರ್ಗವನ್ನು 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಮುತ್ತಿಗೆ ಹಾಕಿ ಹಿಡಿಯಿತು. ಆ ಯುದ್ಧ ಮುಗಿದ 1792ರಲ್ಲೇ ಡೇನಿಯಲ್‌ಗಳು ಮೈಸೂರು ಸೀಮೆಯಲ್ಲಿ ತಿರುಗಾಡಿದ್ದು. ಗವಿಯ ಹಳೆಯ ರೂಪಕ್ಕೆ ಸಾಕ್ಷಿ ಸಿಕ್ಕಿದ್ದು ಹಾಗೆ.

ಇಂದು ಬೆಟ್ಟದ ಕಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ವಾರಾಂತ್ಯದ ವಾಹನಗಳ ಸಾಲು, ಪ್ಲಾಸ್ಟಿಕ್ ಕಸ, 2021ರ ಮಳೆಗಾಲದಲ್ಲಿ ಕುಸಿದ ರಸ್ತೆ, ಎಲ್ಲವೂ ಸುದ್ದಿಯಾಗಿವೆ. ಗವಿಯ ಕಷ್ಟ ಅಷ್ಟು ಬೇಗ ಕಾಣುವಂಥದ್ದಲ್ಲ. ಗವಿಪುರದ ಸುತ್ತ ಮನೆಗಳು ಒತ್ತೊತ್ತಾಗಿ ಎದ್ದಿವೆ. ನೈರುತ್ಯದ ಕಡೆ ಒಂದು ಎತ್ತರದ ಕಟ್ಟಡ ತಪ್ಪು ಜಾಗದಲ್ಲಿ ಎದ್ದರೆ ಸಾಕು, ಮುಳುಗುವ ಸೂರ್ಯನ ದಾರಿ ಮುಚ್ಚಿತು. ಕಲ್ಲುಕಂಬಗಳಿಗೆ ಕಾವಲಿಟ್ಟರೆ ಸಾಲದು, ಆ ದಿಕ್ಕಿನ ಬಯಲನ್ನೂ ಸ್ಮಾರಕದ ಭಾಗವೆಂದೇ ಎಣಿಸಿ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಬೇಕು. ಜೀರ್ಣೋದ್ಧಾರದ ಹೆಸರಿನಲ್ಲಿ ಇನ್ನೊಂದು ಗೋಡೆ ಎಬ್ಬಿಸುವ ಮುನ್ನ ಖಗೋಳ ಬಲ್ಲವರನ್ನು ಒಂದು ಮಾತು ಕೇಳಬೇಕು.

ಸಂಕ್ರಾಂತಿಯ ನೂಕುನುಗ್ಗಲಿಗೆ ಹೆದರಿ ಮನೆಯಲ್ಲೇ ಉಳಿದ ಹಿರಿಯರಿದ್ದರೆ ಈ ಸಲ ನವೆಂಬರ್ ಕೊನೆಯ ವಾರ ಅವರನ್ನು ಗವಿಪುರಕ್ಕೆ ಕರೆದುಕೊಂಡು ಹೋಗಿ. ಮೋಡವಿಲ್ಲದ ಸಂಜೆ ನೋಡಿಕೊಂಡು ಐದು ಗಂಟೆಗೆ ಮೊದಲೇ ಅಲ್ಲಿರಿ.