ಪಹಣಿಯೂ ಪ್ರಜೆಯ ನೋಟವೂ

'ಪಹಣಿ' ಎಂಬ ಶಬ್ದವು ಕನ್ನಡಕ್ಕೆ ಮರಾಠಿಯಿಂದ ಬಂದುದು. ಆ ಭಾಷೆಯಲ್ಲಿ 'ಪಾಹಣೆ' ಎಂದರೆ ನೋಡುವುದು. 'ಪಾಹಣೀ' ಎಂದರೆ ನೋಡಿ ಪರೀಕ್ಷಿಸುವುದು. ಹೊಲವನ್ನು ಅಧಿಕಾರಿಯು ಕಂಡು ಬರೆದಿಟ್ಟ ಲೆಕ್ಕಕ್ಕೆ ಈ ಹೆಸರು ಸಂದಿತು. ಹಾಗೆ ಬರೆದುದನ್ನು ಹೊಲದ ಒಡೆಯನು ತಾನೂ ನೋಡಬಲ್ಲನೆ? ಗಣಕಯಂತ್ರದ ಮೂಲಕ ನಡೆವ ಸರಕಾರಿ ಸೇವೆಗಳನ್ನು ಪ್ರಜೆಗೆ ಎಟಕುವಂತೆ ರಚಿಸುವ ವಿದ್ಯೆಯ ತಿರುಳು ಈ ಪ್ರಶ್ನೆಯಲ್ಲಿಯೇ ಇರುವುದು.

ಸೇಡಂ ತಾಲ್ಲೂಕಿನ ಆಡಕಿಯ ಸೀಮೆಯನ್ನು ನಿದರ್ಶನವಾಗಿ ಕೊಳ್ಳಬಹುದು. ಇದೇ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕನ್ನಡನಾಡಿನ ಎಷ್ಟೋ ದಾನಶಾಸನಗಳು ಭೂಮಿಯ ಅಳತೆಯನ್ನೂ ಎಲ್ಲೆಗಳನ್ನೂ ದೇಶಭಾಷೆಯಲ್ಲಿ ಹೇಳಿ, ಎಲ್ಲರ ಕಣ್ಣಿಗೆ ಬೀಳುವಂತೆ ನಿಂತವು. ಹೈದರಾಬಾದ್ ಸಂಸ್ಥಾನದಲ್ಲಾದರೋ ಆಡಳಿತಭಾಷೆಯು ಉರ್ದುವಾದುದರಿಂದ, ಅದನ್ನರಿಯದ ಕನ್ನಡ ಒಕ್ಕಲಿಗನು ಸರಕಾರದ ಕಾಗದವನ್ನು ಪರರಿಂದ ಓದಿಸಿಕೊಳ್ಳಬೇಕಾಯಿತು. 1956ರ ನವೆಂಬರ್ 1ರಂದು ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು. 1963ರ ಅಧಿನಿಯಮದಿಂದ ಕನ್ನಡವು ರಾಜಭಾಷೆಯಾಯಿತು. ಆದರೂ ಪಹಣಿಯು ಗ್ರಾಮಲೆಕ್ಕಿಗನ ವಶದಲ್ಲಿಯೇ ಉಳಿದು, ಪ್ರತಿ ಬೇಕಾದವನು ಆತನನ್ನೇ ಅರಸಿಹೋಗಬೇಕಾಗಿತ್ತು.

ಕಳೆದ ಶತಮಾನದ ಕೊನೆಯಲ್ಲಿ ಆರಂಭವಾದ ರಾಜ್ಯದ 'ಭೂಮಿ' ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ತಾಲ್ಲೂಕು ಕಚೇರಿಯಲ್ಲಿ ಆಗ 15 ರೂಪಾಯಿಗೆ ಅಚ್ಚಿನ ಪ್ರತಿ ದೊರೆಯುವಂತೆ ಮಾಡಿತು. ಅದರ ರಚನೆಯಲ್ಲಿ ಎರಡು ಅಂಶಗಳು ಗಮನಾರ್ಹ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಚಾರಿಸತಕ್ಕುದೆಂಬುದು ಒಂದು. ಗುಮಾಸ್ತನ ಪರದೆಯಲ್ಲದೆ ರೈತನ ಕಡೆಗೆ ಮುಖಮಾಡಿದ ಮತ್ತೊಂದು ಪರದೆಯನ್ನು ಇರಿಸಿದುದು ಇನ್ನೊಂದು. ತನ್ನ ವಿಷಯದಲ್ಲಿ ನಡೆಯುತ್ತಿರುವ ಕೆಲಸವನ್ನು ರೈತನು ಆಗಲೇ ಕಾಣುವಂತಾಯಿತು. ನೋಟವು ಅಧಿಕಾರಿಯೊಬ್ಬನ ಸೊತ್ತಾಗಿ ಉಳಿಯಲಿಲ್ಲ.

ಆದರೆ ಕಂಡುದೆಲ್ಲವೂ ತಿಳಿದುದಲ್ಲ. ಆಡುಮಾತಿನಲ್ಲಿ 'ಖರಾಬು' ಎಂದರೆ ಕೆಟ್ಟುದು. ಪಹಣಿಯಲ್ಲಿ ಅದು ಸಾಗುವಳಿಗೆ ಒದಗದ ನೆಲದ ಪಾಲು. ಇಂಥ ಪದಗಳ ಪಕ್ಕದಲ್ಲಿ ತಿಳಿಗನ್ನಡದ ವಿವರಣೆಯೊಂದು ಸಾಲು ಇದ್ದರೆ ಕಾನೂನಿನ ಅರ್ಥವು ಕೆಡದು, ಓದುವವನಿಗೆ ದಾರಿಯೂ ತೆರೆಯುವುದು.

ದೃಷ್ಟಿಯಿಲ್ಲದವರ ವಿಷಯವು ಇನ್ನೂ ಸೂಕ್ಷ್ಮವಾದುದು. ಪರದೆಯ ಬರಹವನ್ನು ತಂತ್ರಾಂಶವು ಧ್ವನಿಯಾಗಿ ಓದಿಹೇಳಬಲ್ಲುದು. ಅದಕ್ಕೆ ಬೇಕಾದುದು ಅಕ್ಷರದ ಆಕೃತಿಯಲ್ಲ, ಅಕ್ಷರದ ಗುರುತು. ಬರಹವನ್ನು ಚಿತ್ರವಾಗಿ ಅಂಟಿಸಿದರೆ ಓದುವ ತಂತ್ರಾಂಶವು ಸಾಮಾನ್ಯವಾಗಿ ಮೂಕವಾಗುವುದು. ರೋಮನ್ ಲಿಪಿಯ ಸಂಕೇತಗಳ ಮೇಲೆ ಕನ್ನಡದ ಆಕೃತಿಯನ್ನು ಹೊದಿಸಿದ ಹಳೆಯ ಫಾಂಟುಗಳಾದರೆ, ಕಣ್ಣಿಗೆ ಕನ್ನಡವಾದುದು ಕಿವಿಗೆ ಅರ್ಥಹೀನ ಶಬ್ದವಾಗುವುದು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್ ಕನ್ನಡಾಕ್ಷರಗಳಿಗೆ ಸ್ವತಂತ್ರ ಸಂಕೇತಗಳನ್ನು ಕೊಟ್ಟಿದೆ. ಲಿಪಿಶಾಸ್ತ್ರದ ಈ ಭೇದವು ಇಲ್ಲಿ ಒಬ್ಬನ ಹಕ್ಕಿನ ಪ್ರಶ್ನೆಯಾಗಿ ಪರಿಣಮಿಸುತ್ತದೆ.

ಇದು ಕೇವಲ ಸೌಜನ್ಯದ ಮಾತಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸೇವೆಗಳು ಎಲ್ಲರಿಗೂ ಎಟಕಬೇಕೆಂದು ವಿಧಿಸಿದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು, ಇಂಥ ಸೇವೆಗಳನ್ನು ಪಡೆವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ತೀರ್ಪಿತ್ತಿತು.

ಅಕ್ಷರ ಬಾರದವರಿಗೂ ಮೊಬೈಲ್ ಇಲ್ಲದವರಿಗೂ ಮಾತನಾಡಿ ತಿಳಿಸುವ ಮನುಷ್ಯರು ಬೇಕೇ ಬೇಕು. ಗ್ರಾಮ ಒನ್ ಕೇಂದ್ರಗಳ ಪ್ರಯೋಜನವು ಇಲ್ಲಿಯೇ ತೋರುವುದು. ಸೇವೆಯ ಗುಣವನ್ನು ರಾಜಧಾನಿಯ ಕಚೇರಿಯಲ್ಲಿ ನಿರ್ಣಯಿಸಲಾಗದು. ಆಡಕಿಯಂಥ ಊರಿನ ವೃದ್ಧೆಯು ತನ್ನ ಹೊಲದ ಎಕರೆ ಗುಂಟೆಗಳನ್ನು ಯಾರ ಹಂಗೂ ಇಲ್ಲದೆ ತಿಳಿಯಬಲ್ಲಳೆ ಎಂಬುದೇ ಅದರ ಒರೆಗಲ್ಲು.