ಗುಜರಿಗೆ ಹಾಕೋ ಮುನ್ನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ನೋಡಿ

ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಹಳೇ ಲ್ಯಾಪ್‌ಟಾಪ್ ಇರಬಹುದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಬೇಕು, 2017ಕ್ಕಿಂತ ಹಿಂದಿನ ಪ್ರೊಸೆಸರ್‌ಗಳನ್ನು ಅದು ಹೆಚ್ಚುಕಡಿಮೆ ಒಪ್ಪುವುದೇ ಇಲ್ಲ. ಹಾಗಂತ ಯಂತ್ರವೇನೂ ಕೆಟ್ಟಿಲ್ಲವಲ್ಲ!

ರಾಜಾನುಕುಂಟೆಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಟೈಲರಿಂಗ್ ಮಾಡ್ತಾರೆ. ಮಗಳು ಬಿ.ಕಾಂ. ಸೇರಿದ್ದಾಳೆ. ಮನೆಯಲ್ಲಿದ್ದದ್ದು 2015ರ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. "ಕಾಲೇಜು ಫೀಸೇ ಈಗಷ್ಟೇ ಕಟ್ಟಿದೀನಿ, ಹೊಸದು ಎಲ್ಲಿಂದ ತರ್ಲಪ್ಪಾ?" ಅಂದರು. ನಾನು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ತಂದೆ. ಉಚಿತ. ಕಣ್ಣು ಕುಕ್ಕುವ ಅಲಂಕಾರ ಕಡಿಮೆ, ಹಾಗಾಗಿ ಯಂತ್ರಕ್ಕೆ ಭಾರವೂ ಕಡಿಮೆ. 2 ಜಿಬಿ ರ‍್ಯಾಮ್ ಇದ್ದರೂ ಓಡುತ್ತೆ, 4 ಇದ್ದರೆ ಆರಾಮ. ಅದಕ್ಕೂ ಹಳೆಯ 32 ಬಿಟ್ ಯಂತ್ರವಾದರೆ ಆಂಟಿಎಕ್ಸ್ ನೋಡಿ.

ಮೊದಲೇ ಇನ್‌ಸ್ಟಾಲ್ ಮಾಡಬೇಕಿಲ್ಲ. ಐಎಸ್ಒ ಫೈಲನ್ನು ರೂಫಸ್ ಮೂಲಕ ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಲ್ಯಾಪ್‌ಟಾಪ್ ಶುರುಮಾಡಿ. ವೈಫೈ, ಸೌಂಡ್, ಕ್ಯಾಮೆರಾ, ಪ್ರಿಂಟರ್ ಕೆಲಸ ಮಾಡುತ್ತವಾ ಪರೀಕ್ಷಿಸಿ. ಇಷ್ಟವಾಗದಿದ್ದರೆ ಪೆನ್‌ಡ್ರೈವ್ ತೆಗೆದರಾಯ್ತು, ವಿಂಡೋಸ್ ಇದ್ದ ಹಾಗೇ ಇರುತ್ತೆ.

ಅಸೈನ್‌ಮೆಂಟಿಗೆ ಲಿಬ್ರೆಆಫೀಸ್, ಇಂಟರ್ನೆಟ್ಟಿಗೆ ಫೈರ್‌ಫಾಕ್ಸ್ ಜೊತೆಗೇ ಬರುತ್ತವೆ. ಐಬಸ್‌ನಲ್ಲಿ ಕಗಪ ಕೀಲಿಮಣೆ ಸೇರಿಸಿಕೊಂಡರೆ ನುಡಿ ಅಭ್ಯಾಸವಿದ್ದವರಿಗೆ ಕನ್ನಡ ಟೈಪಿಂಗ್ ಸಲೀಸು.

ಆದರೆ ಕಣ್ಣು ಮುಚ್ಚಿಕೊಂಡು ಬದಲಾಯಿಸಬೇಡಿ. ಹುಡುಗಿಗೆ ಟ್ಯಾಲಿ ಬೇಕು, ಅದು ವಿಂಡೋಸ್‌ಗಾಗಿ ಮಾಡಿದ್ದು. ಅದಕ್ಕೇ ಎರಡನ್ನೂ ಅಕ್ಕಪಕ್ಕ ಇಟ್ಟೆವು: ಟ್ಯಾಲಿ ಅಭ್ಯಾಸಕ್ಕೆ ಮಾತ್ರ ಇಂಟರ್ನೆಟ್ ಇಲ್ಲದ ವಿಂಡೋಸ್, ಮಿಕ್ಕಿದ್ದಕ್ಕೆಲ್ಲ ಮಿಂಟ್. ಯೂನಿಕೋಡ್ ಅಲ್ಲದ ಹಳೇ ನುಡಿ, ಬರಹ ಫೈಲುಗಳಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ ಲಿನಕ್ಸೂ ಏದುಸಿರು ಬಿಡುತ್ತೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ವೇಗದ ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ.

ಈ ಭಾನುವಾರ ಬಿಡುವಿದ್ದರೆ ಒಂದು 8 ಜಿಬಿ ಪೆನ್‌ಡ್ರೈವ್ ಹುಡುಕಿ. ಇನ್‌ಸ್ಟಾಲ್ ಒತ್ತುವ ಮೊದಲು ಫೋಟೊ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿಡೋದು ಮಾತ್ರ ಮರೀಬೇಡಿ.